ತಂಗಿಯ ದನಿ

ಗುರುವಾರ ಮಧ್ಯಾಹ್ನ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸ ಮುಗಿಸಿಕೊಂಡು ಲಿಯೊನಿಡಾ ಮನೆಗೆ ಬಂದಾಗ ಜಗುಲಿಯ ಮೇಲೆ ಅನ್ನದ ತಟ್ಟೆ ಹಾಗೇ ಇತ್ತು. ಹುರಿದ ಮೀನಿಗೆ ನೊಣ ಮುತ್ತಿದ್ದವು. ಅರ್ಧ ಹೆಣೆದ ಬಲೆ ಕಂಬದಲ್ಲಿ ನೇತಾಡುತ್ತಿತ್ತು. ಹೆಣೆಯುತ್ತಿದ್ದ ಸೋದರಮಾವ ಕಸಿಮಿರೊ ಮಾತ್ರ ಇರಲಿಲ್ಲ. ಒಳಗೆ ಹೋಗಿ ನೋಡಿದರೆ ಅವನ ಚಾಪೆ, ದಿಂಬು, ಅಡಿಕೆ ಚೀಲ ಒಂದೂ ಇಲ್ಲ.

"ಮರೀನಾ! ಅಜ್ಜ ಎಲ್ಲೇ?"

ಮಗಳು ಮಂಚದ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಇಪ್ಪತ್ತೊಂದು ವರ್ಷದ ಹುಡುಗಿ, ಅತ್ತು ಅತ್ತು ಮೂಗು ಕೆಂಪು ಮಾಡಿಕೊಂಡಿದ್ದಳು. ಪಕ್ಕದಲ್ಲಿ ಕಾಲೇಜಿನವರು ಕೊಟ್ಟ ರೆಕಾರ್ಡರು ಬಿದ್ದಿತ್ತು.

"ದೋಣಿ ಮನೆಗೆ ಹೋದ್ರು. ಇನ್ಮೇಲೆ ಅಲ್ಲೇ ಇರ್ತಾರಂತೆ."

"ಏನು ಮಾಡಿದೆ ನೀನು?"

"ಏನೂ ಮಾಡ್ಲಿಲ್ಲಮ್ಮ. ಒಂದು ಮಾತಿನ ಅರ್ಥ ಕೇಳಿದೆ ಅಷ್ಟೆ. ಅಜ್ಜಿ ಬೇಗ ಬೇಗ ಹೇಳ್ಬಿಟ್ಟಿದ್ಲು, ನಂಗೆ ತಿಳೀಲಿಲ್ಲ. ಇದೇನು ಕೇಳಿ ಹೇಳಿ ಅಂತ ಅಜ್ಜನ ಮುಂದೆ ಹಾಕ್ದೆ."

"ಏನು ಹಾಕ್ದೆ?"

"ಹೆರಿಗೆ ಮನೆ ವಿಷಯ. ಹಿಂದೆ ಹೆಂಗಸರೆಲ್ಲ ಅಲ್ಲಿ ಕೂತು ಗಂಡಸರನ್ನ ಆಡ್ಕೊಂಡು ನಗ್ತಿದ್ರಲ್ಲ, ಅದು. ಅಜ್ಜಿ ಎಷ್ಟು ಚೆನ್ನಾಗಿ..."

ಲಿಯೊನಿಡಾ ರೆಕಾರ್ಡರಿನ ಕಡೆ ನೋಡಿದಳು. "ಅಯ್ಯೋ ದೇವರೇ! ಅಮ್ಮನ ದನಿಯಲ್ಲಿ? ಮಾವನ ಕಿವಿಗೆ?"

ಹತೋಹೊಬೆ ದ್ವೀಪದವರಲ್ಲಿ ತಂಗಿಯ ಬಾಯಿಂದ ಮೈಯ ಮಾತು, ಹೆರಿಗೆಯ ಮಾತು, ಪೋಲಿ ಮಾತು ಅಣ್ಣನ ಕಿವಿಗೆ ಬೀಳುವ ಹಾಗಿಲ್ಲ. ಬೇರೆಯವರು ಅಂಥ ಮಾತು ಎತ್ತಿದರೂ ಅಣ್ಣ ತಂಗಿ ಇಬ್ಬರಲ್ಲಿ ಒಬ್ಬರು ಎದ್ದು ಹೋಗಬೇಕು. ಎಪ್ಪತ್ನಾಲ್ಕು ವರ್ಷದ ಯುಸೇಬಿಯಾ ಇಂದಿಗೂ ಅಣ್ಣ ಕೂತ ಕಡೆ ನೆಟ್ಟಗೆ ನಡೆದವಳಲ್ಲ, ಬೆನ್ನು ಬಗ್ಗಿಸಿಯೇ ದಾಟುವವಳು. ದ್ವೀಪ ಬಿಟ್ಟು ಈ ಕೊರೊರ್ ಪಟ್ಟಣದ ಅಂಚಿನ ಎಚಾಂಗ್ ಕೇರಿಗೆ ಬಂದು ಮೂವತ್ತು ವರ್ಷವಾದರೂ ಆ ಬೆನ್ನು ಬಗ್ಗುವುದು ತಪ್ಪಿರಲಿಲ್ಲ. ಅಂಥವಳ ನಗು, ಅಂಥವಳ ಬಾಯಿಂದ ಆ ಮಾತುಗಳು, ಅಣ್ಣನ ಪಕ್ಕದಲ್ಲೇ ಡಬ್ಬಿಯೊಳಗಿಂದ ಹೊರಬಿದ್ದರೆ ಮುದುಕ ತಾನೇ ಏನು ಮಾಡಿಯಾನು?

"ನಿಂಗೆ ಅಷ್ಟೂ ಗೊತ್ತಾಗ್ಲಿಲ್ವೇನೇ?" ಲಿಯೊನಿಡಾ ಕೂಗಿದಳು.

"ಯಾರು ಹೇಳ್ಕೊಟ್ರು ನಂಗೆ?" ಮರೀನಾ ತಿರುಗಿಬಿದ್ದಳು. "ನೀನು ಹೇಳ್ಕೊಟ್ಯಾ? ಮನೇಲಿ ಹತೋಹೊಬೆ ಮಾತಾಡಿದ್ರೆ ಸ್ಕೂಲಲ್ಲಿ ದ್ವೀಪದ ದಡ್ಡಿ ಅಂತಾರೆ, ಬೇಡ ಅಂದೋಳು ನೀನೇ ತಾನೆ? ಮಾತೇ ಕಲಿಸ್ದೆ ಇದ್ದೋಳು ಮರ್ಯಾದೆ ಎಲ್ಲಿಂದ ಕಲಿಸ್ತೀಯಾ?"

ಹುಡುಗಿ ಹೇಳಿದ್ದು ಸುಳ್ಳಾಗಿರಲಿಲ್ಲ. ಗಂಡ ಮಸಾವೊ ಇಲ್ಲಿಯವನೇ, ಬೆಲಾವಿನವನು, ಮನೆಯ ಮಾತೂ ಬೆಲಾವಿನದೇ ಆಗಿಹೋಗಿತ್ತು. ಹತೋಹೊಬೆ ಮಾತು ಉಳಿದಿದ್ದು ಅಡುಗೆ ಕೊಟ್ಟಿಗೆಯಲ್ಲಿ ತಾಯಿ ಮಗಳ ನಡುವೆ, ಜಗುಲಿಯಲ್ಲಿ ಮಾವನ ಗೊಣಗಾಟದಲ್ಲಿ. ಈಗ ನಿಘಂಟು ಮಾಡಬೇಕೆಂದು ಕಾಲೇಜಿನವರು ಬೆನ್ನು ಹತ್ತಿದ ಮೇಲೆ ಮರೀನಾಳಿಗೆ ಅಜ್ಜಿಯ ಸೆರಗು ಬಿಡಲಾಗದಂಥ ಹುಚ್ಚು ಹಿಡಿದಿತ್ತು. ಕೆಸುವಿನ ಗದ್ದೆ, ಅಡುಗೆ, ಬಾಣಂತನ ಇವೆಲ್ಲ ಅಜ್ಜಿಯ ಪಾಲಿನ ಮಾತುಗಳು. ಮೀನು, ಗಾಳಿ, ನೀರಿನ ಸೆಳೆತ, ನಕ್ಷತ್ರ ಇವೆಲ್ಲ ಕಸಿಮಿರೊನ ಪಾಲು. ಅಜ್ಜಿಯದು ಮುಗಿಯುತ್ತ ಬಂದಿತ್ತು, ಅಜ್ಜನದು ಇನ್ನೂ ಶುರುವಾಗಿರಲಿಲ್ಲ.

ಹಿತ್ತಲ ಅಡುಗೆ ಕೊಟ್ಟಿಗೆಯಲ್ಲಿ ಯುಸೇಬಿಯಾ ಒಲೆಯ ಮುಂದೆ ಕೂತು ಮರಗೆಣಸಿನ ಸಿಪ್ಪೆ ಹೆರೆಯುತ್ತಿದ್ದಳು. ಮಗಳು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

"ಅಮ್ಮ, ಹುಡುಗಿಗೆ ಗೊತ್ತಿರ್ಲಿಲ್ಲ," ಎಂದಳು ಲಿಯೊನಿಡಾ, ಹತೋಹೊಬೆ ಮಾತಿನಲ್ಲಿ.

ಯುಸೇಬಿಯಾ ಉತ್ತರ ಕೊಟ್ಟದ್ದು ಬೆಲಾವ್ ಮಾತಿನಲ್ಲಿ. ಅದೂ ಅವಳ ಅರೆಬರೆ ಬೆಲಾವ್. "ಅನ್ನ ಇದೆ. ಮೀನು ಇದೆ. ತಿನ್ನು."

"ಅಮ್ಮಾ, ನನ್ನ ಜೊತೆ ಯಾಕೆ ಹೀಗೆ ಮಾತಾಡ್ತಿದ್ದೀಯಾ?"

"ತಿನ್ನು. ಆರಿ ಹೋಗುತ್ತೆ."

ಅವತ್ತಿನಿಂದ ಯುಸೇಬಿಯಾಳ ಬಾಯಲ್ಲಿ ಹತೋಹೊಬೆ ಮಾತು ಒಂದೂ ಹೊರಡಲಿಲ್ಲ. ಮನೆಯವರ ಹತ್ತಿರ ಹಾಗಿರಲಿ, ಕೋಳಿಯನ್ನೂ ಬೆಲಾವ್ ಮಾತಿನಲ್ಲೇ ಓಡಿಸಿದಳು. ಪಾಪ, ಕೋಳಿಗೆ ತಿಳಿಯದೆ ಅಲ್ಲೇ ನಿಂತಿತ್ತು.

*

ದೋಣಿ ಮನೆಗೂ ಮನೆಗೂ ನಡುವೆ ಇನ್ನೂರು ಹೆಜ್ಜೆ. ಲಿಯೊನಿಡಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಸಂಜೆ ಒಮ್ಮೆ ಬುತ್ತಿ ಹಿಡಿದು ಓಡಾಡಿದಳು. ಮಾವ ದೋಣಿಯೊಂದಕ್ಕೆ ಒರಗಿಕೊಂಡು ಅಡಿಕೆ ಜಗಿಯುತ್ತ ಕೂತಿರುತ್ತಿದ್ದ.

"ಯಾರು ಮಾಡಿದ್ದು?"

"ನಾನೇ ಮಾವ."

ಒಂದು ತುತ್ತು ಬಾಯಿಗಿಟ್ಟು ಮಾವ ಅವಳ ಮುಖ ನೋಡುತ್ತಿದ್ದ. ತೆಂಗಿನ ಹಾಲಿನ ಆ ಹದ ಯಾರ ಕೈಯದೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಆದರೂ ತಿನ್ನುತ್ತಿದ್ದ. ಅರ್ಧ ತಿಂದು ಮುಚ್ಚಿಡುತ್ತಿದ್ದ.

ನಾಲ್ಕನೇ ದಿನ ಅಕ್ಕಿ ಮೂಟೆಯೊಂದು ದೋಣಿ ಮನೆಗೆ ಬಂತು. ಆಮೇಲೆ ಗಾಳದ ಕೊಕ್ಕೆಗಳು, ಸೀಮೆಎಣ್ಣೆ, ಎರಡು ಹೊಸ ಚಡ್ಡಿ.

"ಇದೆಲ್ಲ ಏನು ಮಾವ?"

"ಇಪ್ಪತ್ನಾಲ್ಕಕ್ಕೆ ಹಡಗು ಹೊರಡುತ್ತಲ್ಲ. ಹತೋಹೊಬೆಗೆ ಹೋಗ್ತೀನಿ."

"ಯಾವಾಗ ಬರ್ತೀರಾ?"

"ಬರೋ ವಯಸ್ಸೇನೇ ಇದು?"

ಎಪ್ಪತ್ತೊಂಬತ್ತು ವರ್ಷ, ಸಕ್ಕರೆ ಕಾಯಿಲೆ. ಎರಡು ದಿನದ ಸಮುದ್ರದ ದಾರಿ, ಅಲ್ಲಿ ಡಾಕ್ಟರಿಲ್ಲ, ಇರುವವರು ಬೆರಳಲ್ಲಿ ಎಣಿಸುವಷ್ಟು ಜನ. ಹೋದರೆ ಮಾವನನ್ನು ಮತ್ತೆ ಕಣ್ಣಲ್ಲಿ ನೋಡುವುದಿಲ್ಲ ಎಂದು ಲಿಯೊನಿಡಾಳಿಗೆ ಖಚಿತವಾಯಿತು. ಅಪ್ಪನ ಮುಖ ಕಾಣದವಳು ಅವಳು. ಹೆಗಲ ಮೇಲೆ ಹೊತ್ತು ಬೆಳೆಸಿದ್ದು ಈ ಮಾವ.

ಮನೆಗೆ ಬಂದವಳೇ ಮಗಳ ಮುಂದೆ ಕೈ ಚಾಚಿದಳು. "ಕೊಡು ಅದನ್ನ."

"ಏನನ್ನ?"

"ರೆಕಾರ್ಡರು. ಅಳಿಸಿ ಹಾಕ್ತೀನಿ. ಅಳಿಸಿದೀವಿ ಅಂತ ಮಾವನಿಗೆ ಹೇಳ್ತೀನಿ."

"ಆಗಲ್ಲ!" ಮರೀನಾ ಅದನ್ನು ಎದೆಗೆ ಒತ್ತಿಕೊಂಡಳು. "ಅಮ್ಮ, ಇದರಲ್ಲಿರೋ ಮಾತು ಇನ್ಯಾರಿಗೂ ಬರಲ್ಲ. ನಿಂಗೇ ಅರ್ಧ ಬರಲ್ಲ. ಇಡೀ ಎಚಾಂಗ್ ಸುತ್ತಿದ್ದೀನಿ ನಾನು."

"ಮಾತು ಮುಖ್ಯಾನೋ ಮನುಷ್ಯರು ಮುಖ್ಯಾನೋ?"

"ಅಳಿಸಿದ್ರೆ ಅಜ್ಜ ಕೇಳಿದ್ದು ಕೇಳದ ಹಾಗಾಗುತ್ತಾ?"

ಊಟಕ್ಕೆ ಕೂತಿದ್ದ ಮಸಾವೊ ತಟ್ಟೆಯಿಂದ ತಲೆ ಎತ್ತಿದ. "ಅಲ್ವೇ, ನಾಲ್ಕು ಪೋಲಿ ಮಾತಿಗೆ ಇಷ್ಟೆಲ್ಲ ರಂಪಾನಾ? ನಮ್ಮಕ್ಕ ನನ್ನ ಎದುರಿಗೇ ಏನೇನು ಅಂತಾಳೆ ಕೇಳಿಲ್ವಾ ನೀನು?"

"ನಿಮ್ಮಕ್ಕನ ವಿಷಯ ನಂಗೆ ಬೇಡ. ಸುಮ್ನೆ ತಿನ್ನಿ ನೀವು."

"ತಿಂತಿದ್ದೀನಲ್ಲ! ಈ ಮನೇಲಿ ನಾನೊಬ್ನೇ ತಿಂತಿರೋದು."

ಅಮ್ಮ ಮಗಳ ಎಳೆದಾಟ ಜೋರಾಗುವ ಹೊತ್ತಿಗೆ ಬಾಗಿಲಲ್ಲಿ ಯುಸೇಬಿಯಾ ಬಂದು ನಿಂತಳು. ಕೈಯಲ್ಲಿ ಸಾರಿನ ಪಾತ್ರೆ. ಅದನ್ನು ಕೆಳಗಿಟ್ಟು, ತನ್ನ ಮುರುಕು ಬೆಲಾವ್ ಮಾತಿನಲ್ಲಿ ಒಂದೊಂದೇ ಶಬ್ದ ಹುಡುಕಿ ಹೇಳಿದಳು. "ಅಳಿಸ್ಬೇಡ. ನನ್ನ ಮಾನ ಹೋಯ್ತು. ಮಾತೂ ಹೋಗ್ಬೇಕಾ?"

ಯುಸೇಬಿಯಾ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವತ್ತು ಅವಳು ಊಟವನ್ನೂ ಮಾಡಲಿಲ್ಲ.

*

ಆಮೇಲಿನ ದಿನಗಳಲ್ಲಿ ಲಿಯೊನಿಡಾಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಹೋಟೆಲಿನಲ್ಲಿ ಬಿಳಿ ಹೊದಿಕೆಗಳ ಜೊತೆ ಬಣ್ಣದ ಟವಲು ಹಾಕಿ ಒಗೆದು ಮೇಲಿನವರಿಂದ ಬೈಸಿಕೊಂಡಳು. ಕೆಸುವಿನ ಗೆಡ್ಡೆ ಬೇಯಲಿಟ್ಟು ಮರೆತು ಪಾತ್ರೆ ಸೀದುಹೋಯಿತು. ಹಡಗಿಗೆ ಹನ್ನೆರಡು ದಿನ, ಒಂಬತ್ತು ದಿನ, ಐದು ದಿನ ಎಂದು ಮನಸ್ಸು ಎಣಿಸುತ್ತಲೇ ಇತ್ತು. ಮರೀನಾ ಎರಡು ಸಲ ದೋಣಿ ಮನೆಗೆ ಹೋಗಿ ಬಾಗಿಲಲ್ಲೇ ಅಳುತ್ತ ನಿಂತು ಬಂದಳು. ಮುದುಕ ಅವಳ ಕೈಗೆ ಒಂದು ಎಳನೀರು ಕೊಟ್ಟು ಕಳಿಸಿದ. ಅವನಿಗೆ ಹುಡುಗಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬೈದು ಮುಗಿಸಬಹುದಿತ್ತಲ್ಲ!

ಹಡಗಿಗೆ ಇನ್ನು ಎರಡೇ ದಿನ ಎನ್ನುವಾಗ ಲಿಯೊನಿಡಾ ಬುತ್ತಿ ಇಟ್ಟು ಮಾವನ ಎದುರಿಗೇ ಕೂತಳು.

"ಮಾವ, ಅಮ್ಮ ನಮ್ಮ ಮಾತು ಬಿಟ್ಟು ಮೂರು ವಾರ ಆಯ್ತು. ಗೊತ್ತಾ ನಿಮಗೆ?"

"ಗೊತ್ತು."

"ತಪ್ಪು ಅವಳದಲ್ಲ."

"ಅವಳದು ಅಂತ ನಾನು ಅಂದ್ನಾ?" ಮಾವ ಅಡಿಕೆಯ ಕೆಂಪು ಉಗುಳಿ ಬಾಯಿ ಒರೆಸಿಕೊಂಡ. "ನಾನು ಕೇಳಿದ್ದೀನಿ ಅಂತ ಅವಳಿಗೆ ಗೊತ್ತು. ನಾನು ಕಣ್ಣೆದುರು ಇರೋ ತನಕ ಅವಳು ತಲೆ ಎತ್ತಲ್ಲ. ಬಾಯಿ ಬಿಡಲ್ಲ. ಸಾಯೋ ತನಕ ಹಾಗೇ ಇರ್ತಾಳೆ. ನಿಮ್ಮಮ್ಮನ್ನ ನೋಡಿಲ್ವಾ ನೀನು? ನಾನು ಹೋಗ್ಬಿಟ್ರೆ ಒಂದು ತಿಂಗಳಲ್ಲಿ ಮಾತಾಡ್ತಾಳೆ."

"ನೀವು ಹೋದ್ರೆ ಅವಳು ಮಾತಾಡೋದಲ್ಲ, ಸತ್ತೇ ಹೋಗ್ತಾಳೆ!"

"ಏನು ಮಾಡ್ಲಿ ಮತ್ತೆ? ಕೇಳಿದ್ದೀನಲ್ಲ."

ಲಿಯೊನಿಡಾಳಿಗೆ ತಡೆಯಲಾಗದ ಸಿಟ್ಟು ಬಂತು. ಹುಟ್ಟಿದಾಗಿನಿಂದ ಮಾವನಿಗೆ ಎದುರಾಡಿದವಳಲ್ಲ. "ಹಾಗಾದ್ರೆ ಕಿವಿ ಇರೋದೇ ದೊಡ್ಡ ಅಪರಾಧ ಆಯ್ತಲ್ಲ! ಕಿತ್ತು ಸಮುದ್ರಕ್ಕೆ ಬಿಸಾಕಿ ಆ ಕಿವೀನ! ಮೀನಾದ್ರೂ ತಿನ್ಲಿ!" ಎಂದು ಕಿರುಚಿ ಎದ್ದು ಬಂದಳು. ದಾರಿಯುದ್ದಕ್ಕೂ ತಾನಾಡಿದ ಮಾತಿಗೆ ತಾನೇ ನಾಚಿ ಅಳುತ್ತ ಬಂದಳು.

*

ಇಪ್ಪತ್ನಾಲ್ಕರ ಬೆಳಿಗ್ಗೆ ಬಂದರಿನಲ್ಲಿ ಎಚಾಂಗ್‌ನ ಅರ್ಧ ಕೇರಿಯೇ ನೆರೆದಿತ್ತು. ದ್ವೀಪಕ್ಕೆ ಹಡಗು ಹೋಗುವುದು ಮೂರು ತಿಂಗಳಿಗೊಮ್ಮೆ, ಅದೂ ಹೋದರೆ ಹೋಯಿತು. ಅಕ್ಕಿ, ಹಂದಿಮರಿ, ಪೆಟ್ರೋಲು, ಯಾರದೋ ಮಂಚ. ಕಸಿಮಿರೊ ತನ್ನ ಅಕ್ಕಿ ಮೂಟೆಯ ಮೇಲೆ ಸಮುದ್ರ ನೋಡುತ್ತ ಕೂತಿದ್ದ. ಯುಸೇಬಿಯಾ ಬಂದಿರಲಿಲ್ಲ. ಎಲೆಯಲ್ಲಿ ಕಟ್ಟಿದ ಕೆಸುವಿನ ಕಡುಬು ಹತ್ತು ಕಳಿಸಿದ್ದಳು, ಯಾರಿಗೆ ಎಂದು ಮಾತ್ರ ಹೇಳಿರಲಿಲ್ಲ.

ಹಡಗಿನ ಹುಡುಗ ಪಟ್ಟಿ ಹಿಡಿದು ಹೆಸರು ಕೂಗತೊಡಗಿದ. "ಕಸಿಮಿರೊ!"

ಮುದುಕ ಅಲ್ಲಾಡಲಿಲ್ಲ.

"ಕಸಿಮಿರೊ ಅಜ್ಜಾ! ಹತ್ತಿ ಬೇಗ!"

ಆಗಲೂ ಇಲ್ಲ. ಮೂರನೇ ಸಲ ಹುಡುಗ ಹಡಗಿನ ಸಿಳ್ಳೆಯನ್ನೂ ಮೀರಿಸುವ ಹಾಗೆ ಕೂಗಿದ. ಸುತ್ತಲಿದ್ದವರೆಲ್ಲ ತಿರುಗಿದರು, ಕಸಿಮಿರೊ ಒಬ್ಬನನ್ನು ಬಿಟ್ಟು. ಲಿಯೊನಿಡಾ ಗಾಬರಿಯಿಂದ ಓಡಿಹೋಗಿ ಭುಜ ಮುಟ್ಟಿದಳು.

"ಮಾವ, ಕರೀತಿದ್ದಾರೆ."

"ಆಂ?"

"ಕರೀತಿದ್ದಾರೆ!"

"ಏನಂದೆ? ಜೋರಾಗಿ ಹೇಳೇ." ಮುದುಕ ಕಿವಿಗೆ ಕೈ ಅಡ್ಡ ಹಿಡಿದ. ಆಮೇಲೆ ಇಡೀ ಬಂದರಿಗೆ ಕೇಳುವ ಹಾಗೆ ಕೂಗಿದ. "ಕಿವಿ ಹೋಗಿ ತಿಂಗಳ ಮೇಲಾಯ್ತು ಕಣೇ! ಒಂದೂ ಕೇಳಲ್ಲ! ಹೇಳ್ಕೊಳ್ಳೋಕೆ ನಾಚಿಕೆ ಆಗಿ ಸುಮ್ನಿದ್ದೆ!"

ಜನ ಗುಂಪುಗೂಡಿದರು. ಅಯ್ಯೋ ಪಾಪ ಎಂದರು. "ಹೌದಾ? ನಾನೂ ಮೊನ್ನೆ ಕರೆದೆ, ತಿರುಗಿ ನೋಡ್ಲಿಲ್ಲ," ಎಂದು ಒಬ್ಬಾಕೆ ಸಾಕ್ಷಿಯನ್ನೂ ಹೇಳಿದಳು. ಹಡಗಿನ ಹುಡುಗ ತಲೆ ಕೆರೆದುಕೊಂಡ. "ಕಿವಿ ಕೇಳದೋರನ್ನ ಅಲ್ಲಿ ಒಬ್ಬರನ್ನೇ ಹೇಗೆ ಬಿಡೋದು ಅಕ್ಕಾ? ಕರ್ಕೊಂಡು ಹೋಗಿ ಮನೆಗೆ."

ಲಿಯೊನಿಡಾ ಮಾವನ ಮುಖವನ್ನೇ ನೋಡುತ್ತ ನಿಂತಳು. ತಿಂಗಳ ಮೇಲಾಯಿತೇ? ಮರೀನಾ ಆ ರೆಕಾರ್ಡರು ಹಾಕಿ ಇಪ್ಪತ್ಮೂರು ದಿನ. ಎರಡು ದಿನದ ಹಿಂದೆ ಅವಳು ಮಾಮೂಲಿ ದನಿಯಲ್ಲಿ ಕೇಳಿದ್ದಕ್ಕೆಲ್ಲ ಈ ಮನುಷ್ಯ ಒಂದೂ ತಪ್ಪದೆ ಉತ್ತರ ಕೊಟ್ಟಿದ್ದ. ಹೋದ ಭಾನುವಾರ ಚರ್ಚಿನಲ್ಲಿ ಹುಡುಗರ ಹಾಡು ಶ್ರುತಿ ತಪ್ಪಿತೆಂದು ಗೊಣಗಿದ್ದ. ಮಾವ ಅವಳ ಕಣ್ಣು ತಪ್ಪಿಸಿ ಮೂಟೆಯ ಗಂಟು ಬಿಗಿ ಮಾಡುತ್ತಿದ್ದ.

ಕೇಳಿಸಿಕೊಂಡೇ ಇಲ್ಲದವನ ಮುಂದೆ ಯಾರ ಮಾನ ಹೋದೀತು? ಲಿಯೊನಿಡಾಳಿಗೆ ಅರ್ಥವಾಯಿತು. ಬಾಯಿ ತೆರೆದು, ಎಲ್ಲರೆದುರು, ಗಂಟಲು ಹರಿಯುವ ಹಾಗೆ ಕೂಗಿದಳು. "ಮನೆಗೆ ಹೋಗೋಣ ಬನ್ನಿ ಮಾವ! ಮನೆಗೆ!"

*

ಸುದ್ದಿ ಅವರಿಗಿಂತ ಮೊದಲೇ ಮನೆ ಸೇರಿತ್ತು. ಯುಸೇಬಿಯಾ ಹಿತ್ತಲ ಬಾಗಿಲಲ್ಲಿ ನಿಂತು ಅಣ್ಣ ಜಗುಲಿ ಹತ್ತುವುದನ್ನು ನೋಡಿದಳು. ಅಂದು ಸಂಜೆ ಅಡುಗೆ ಕೊಟ್ಟಿಗೆಯಿಂದ ಕೋಳಿಗೆ ಬೈಗುಳ ಕೇಳಿಸಿತು, ಅಪ್ಪಟ ಹತೋಹೊಬೆಯಲ್ಲಿ. ಲಿಯೊನಿಡಾ ಒಗೆಯುತ್ತಿದ್ದ ಬಟ್ಟೆ ಬಿಟ್ಟು ಅಲ್ಲೇ ಕೂತು ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು.

ಮಸಾವೊ ಎರಡು ದಿನ ಪರೀಕ್ಷೆ ಮಾಡಿದ. ಮುದುಕನ ಬೆನ್ನ ಹಿಂದೆ ಪಾತ್ರೆ ಬೀಳಿಸಿದ, ತಾನು ಓಡಿಸುವ ಬಸ್ಸಿನ ಹಾರ್ನ್ ಬಾರಿಸಿದ. ಕಸಿಮಿರೊ ರೆಪ್ಪೆಯನ್ನೂ ಮಿಟುಕಿಸಲಿಲ್ಲ. "ನಿಜವಾಗ್ಲೂ ಹೋಗಿದೆ ಕಣೇ," ಎಂದು ಮಸಾವೊ ಒಪ್ಪಿಕೊಂಡ.

ಆದರೆ ಮರೀನಾಳ ಪಾಡು? ಮೊದಲು ಬದುಕಿದೆ ಎಂದುಕೊಂಡವಳು ಆಮೇಲೆ ತನ್ನ ಪಟ್ಟಿ ತೆಗೆದು ನೋಡಿದಳು. ಮೀನಿನದು, ಗಾಳಿಯದು, ನೀರಿನ ಸೆಳೆತದ್ದು ಎಲ್ಲ ಸೇರಿ ನಾನೂರು ಪ್ರಶ್ನೆ. ಅಜ್ಜನಿಗೆ ಓದಲು ಬಾರದು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು. "ಅಜ್ಜಾ! ಹುಣ್ಣಿಮೇಲಿ ಬರೋ ಮೀನಿಗೆ ಏನಂತಾರೆ?"

"ಹಸಿವಿಲ್ಲ ಮಗಾ," ಎಂದ ಕಸಿಮಿರೊ.

"ಮೀನು ಅಜ್ಜಾ, ಮೀನು!"

"ಆಮೇಲೆ ತಿಂತೀನಿ."

ಹುಡುಗಿ ಪಟ್ಟಿ ಮಡಿಸಿ ಇಟ್ಟುಕೊಂಡು ಒಳಗೆ ಹೋದಳು. ಅದನ್ನು ನೋಡಲಾಗದೆ ಲಿಯೊನಿಡಾ ಮಾರನೇ ದಿನ ಕಡಲ ದಂಡೆಯಲ್ಲಿ ಮಾವನನ್ನು ಹಿಡಿದಳು. ಸುತ್ತ ಒಂದು ನರಪಿಳ್ಳೆ ಇರಲಿಲ್ಲ.

"ಮಾವ, ನಾನೊಬ್ಳೇ ಇರೋದು. ಹುಡುಗಿಗೆ ಆ ಮೀನಿನ ಹೆಸರುಗಳನ್ನಾದ್ರೂ ಹೇಳಿ. ನನಗೆ ಹೇಳಿ, ನಾನು ಅವಳಿಗೆ ಹೇಳ್ತೀನಿ. ನಿಮ್ಮ ಜೊತೆ ಎಲ್ಲ ಹೋಗ್ಬಿಡುತ್ತೆ ಮಾವ."

ಮಾವ ಬಲೆಯ ಹರಿದ ಕಣ್ಣನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತಿದ್ದ. ಅವಳು ಇನ್ನೊಮ್ಮೆ ಕೇಳಿದಳು. ಅಂಗಲಾಚಿದಳು. ಮಾವ ಬಲೆ ಹೆಗಲಿಗೆ ಹಾಕಿಕೊಂಡು ನೀರಿಗಿಳಿದ. ಎಂಥ ಹಟಮಾರಿ ಮುದುಕ! ಒಬ್ಬಳಿಗೆ ಕಿವಿ ತೆರೆದರೆ ಅದು ತಂಗಿಗೂ ಗೊತ್ತಾದ ಹಾಗೆ ಎಂದು ಅವನ ಲೆಕ್ಕ. ತಂಗಿಯ ಮಾತು ಉಳಿಯಲಿ ಎಂದು ತನ್ನ ಪಾಲಿನದನ್ನೆಲ್ಲ ಬಾಯಲ್ಲೇ ಮುಚ್ಚಿಟ್ಟುಕೊಂಡ.

ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಎಲ್ಲರೂ ಒಂದೇ ಚಾಪೆಯ ಮೇಲೆ ಊಟಕ್ಕೆ ಕೂತರು. ತೆಂಗಿನ ಹಾಲಲ್ಲಿ ಬೇಯಿಸಿದ ಮೀನು, ಕೆಸುವಿನ ಗೆಡ್ಡೆ, ಅನ್ನ. ಅಜ್ಜಿಯ ಮಾತು ಹಿಡಿಯಲು ಮರೀನಾ ರೆಕಾರ್ಡರು ಹಾಕಿದ್ದಳು. ಯಾವಾಗಲೂ ಅಣ್ಣನಿಗೆ ಬೆನ್ನು ಹಾಕಿ ದೂರ ಕೂರುತ್ತಿದ್ದ ಯುಸೇಬಿಯಾ ಅವತ್ತು ಬಂದು ಅವನ ಎದುರಿಗೇ ಕೂತಳು. ಲಿಯೊನಿಡಾಳ ಕೈ ಅನ್ನದ ಮೇಲೆ ಹಾಗೇ ನಿಂತಿತು.

"ಇದನ್ನೂ ತಗೋ ಮರೀನಾ," ಎಂದಳು ಯುಸೇಬಿಯಾ. "ನಿಮ್ಮಮ್ಮ ಹೊಟ್ಟೇಲಿದ್ದಾಗ ನನ್ನ ಗಂಡ ಮೀನಿಗೆ ಹೋದೋನು ವಾಪಸ್ ಬರ್ಲಿಲ್ಲ. ಅದೇ ವರ್ಷ ನನ್ನಣ್ಣನಿಗೆ ಸೊನ್ಸೊರೊಲ್ ದ್ವೀಪದಲ್ಲಿ ಮದುವೆ ಗೊತ್ತಾಗಿತ್ತು. ಒಳ್ಳೇ ಹುಡುಗಿ, ನಾನೇ ನೋಡಿದ್ದೆ. ಕರ್ಕೊಂಡು ಹೋಗೋಕೆ ಹಡಗು ಬಂತು. ಅವನು ಹತ್ಲಿಲ್ಲ. ಯಾಕೆ ಅಂತ ಯಾರಿಗೂ ಹೇಳ್ಲಿಲ್ಲ. ಮಾರನೇ ದಿನದಿಂದ ನನ್ನ ಬಾಗಿಲಿಗೆ ಮೀನು ತಂದಿಟ್ಟು ಹೋಗ್ತಿದ್ದ. ಹುಡುಗಿ ಬೇರೆ ಕಡೆ ಮದುವೆ ಆದ್ಲು. ಇವನು ಆಗ್ಲೇ ಇಲ್ಲ. ನಲವತ್ತಾರು ವರ್ಷದಿಂದ ಅವನ ಅನ್ನ ತಿಂತಿದ್ದೀನಿ. ಒಂದು ಒಳ್ಳೇ ಮಾತು ಹೇಳ್ಲಿಲ್ಲ ನಾನು. ತಂಗಿ ಆದೋಳು ಅಣ್ಣನ ಮುಖ ನೋಡಿ ಅಂಥದ್ದು ಹೇಳೋ ಹಾಗಿರ್ಲಿಲ್ಲ. ನನ್ನಣ್ಣನಂಥ ಮನುಷ್ಯ ಇನ್ನೊಬ್ಬ ಹುಟ್ಟಿಲ್ಲ ಅಂತ ಬರ್ಕೋ. ಈಗ ಹೇಳ್ತಿದ್ದೀನಿ. ಅವನಿಗೆ ಹೆಂಗೂ ಕೇಳಲ್ವಲ್ಲ."

ಹೇಳುವಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ಮರೀನಾಳನ್ನಲ್ಲ.

ಕಸಿಮಿರೊ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದ. ಒಂದೇ ಮುಳ್ಳನ್ನು ಎಷ್ಟೋ ಹೊತ್ತು ಬಿಡಿಸಿದ. ಕೊನೆಗೆ ಗಂಟಲು ಸರಿ ಮಾಡಿಕೊಂಡು, ಕಿವುಡರು ಕೂಗುವ ಹಾಗೆ ಕೂಗಿದ.

"ಲಿಯೊನಿಡಾ! ನಿಮ್ಮಮ್ಮ ಏನೋ ಹೇಳ್ತಿದ್ದಾಳಲ್ಲ, ಏನಂತೆ?"

ಲಿಯೊನಿಡಾ ಅಮ್ಮನನ್ನು ನೋಡಿದಳು, ಮಾವನನ್ನು ನೋಡಿದಳು. "ಮೀನಿಗೆ ಉಪ್ಪು ಸಾಕಾ ಅಂತ ಕೇಳ್ತಿದ್ದಾಳೆ ಮಾವ!" ಎಂದು ಅವನಷ್ಟೇ ಜೋರಾಗಿ ಕೂಗಿದಳು.

"ಸಾಕು ಅಂತ ಹೇಳು," ಎಂದ ಕಸಿಮಿರೊ. ಕಣ್ಣು ಒರೆಸಿಕೊಳ್ಳಲಿಲ್ಲ. "ಬೇಕಾದಷ್ಟಾಯ್ತು ಅಂತ ಹೇಳು."